ಪ್ರಶ್ನೆ ಒಂದು, ಭಾಷೆ ಹಲವು

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ನಾಡಿನ ಇತಿಹಾಸವನ್ನೋ ಕವಿಗಳ ಕೃತಿಯನ್ನೋ ಕುರಿತು ಮಾತನಾಡುವುದು ವಾಡಿಕೆ. ಅದಕ್ಕೆ ಬೇಕಾದ ಪಾಂಡಿತ್ಯ ನನ್ನಲ್ಲಿಲ್ಲ. ಕಂಪ್ಯೂಟರಿಗೆ ಪ್ರೋಗ್ರಾಮು ಬರೆದು ಹೊಟ್ಟೆ ಹೊರೆಯುವವನು ನಾನು. "ನಿಮ್ಮ ಕಸುಬಿನ ವಿಷಯವನ್ನೇ ಮನೆಮಂದಿಗೆಲ್ಲ ತಿಳಿಯುವಂತೆ ಹೇಳಿ, ಸಾಕು" ಎಂದು ಕಾರ್ಯದರ್ಶಿಗಳು ಧೈರ್ಯ ಕೊಟ್ಟದ್ದರಿಂದ ತಮ್ಮೆದುರು ನಿಂತಿದ್ದೇನೆ. ತಪ್ಪಿದ್ದರೆ ತಿದ್ದಬೇಕು, ಬೇಸರವಾದರೆ ಕ್ಷಮಿಸಬೇಕು.

ಈ ವಿಷಯ ನನಗೆ ದೊರೆತದ್ದು ನಮ್ಮ ಯುಗಾದಿಯ ಕೂಟದಲ್ಲಿ. ಎಲ್ಲರೂ ಊಟಕ್ಕೆ ಏಳುತ್ತಿದ್ದಾಗ ಕಲಬುರಗಿ ಕಡೆಯ ತಾಯಿಯೊಬ್ಬರು ಬಂದು ಕೇಳಿದರು: "ಅಣ್ಣಾರ, ನಮ್ಮ ಹುಡುಗ ಹೋದ ವರ್ಷ ಸಾಲ್ಯಾಗ ಪೈಥಾನ್ ಕಲ್ತ. ಈ ವರ್ಷ ಜಾವಾ ಅಂತ. ಏಳನ್ನ ಎರಡರಿಂದ ಭಾಗಿಸಿದ್ರ ಅಲ್ಲಿ ಮೂರೂವರೆ ಬರ್ತದಂತ, ಇಲ್ಲಿ ಬರೇ ಮೂರು ಬರ್ತದಂತ. ಹುಡುಗನ ತಪ್ಪೋ, ಮಾಸ್ತರ ತಪ್ಪೋ, ಮಷೀನಿನ ತಪ್ಪೋ?" ಯಾರ ತಪ್ಪೂ ಅಲ್ಲವೆಂದೆ. "ಎರಡು ಉತ್ತರ ಬಂದ ಮ್ಯಾಲ ಒಂದರೆ ತಪ್ಪಿರಬೇಕಲ್ಲ?" ಎಂದರು. ಊಟದ ಗದ್ದಲದಲ್ಲಿ ಸಮಾಧಾನ ಹೇಳಲಾರದೆ ಹೋದೆ. ಅವರು ಇಂದೂ ಸಭೆಯಲ್ಲಿದ್ದಾರೆ. ಈ ಭಾಷಣ ಅವರಿಗೆ ನಾನು ಸಲ್ಲಿಸಬೇಕಾದ ಬಾಕಿ.

ಇದು ಅವರೊಬ್ಬರ ಪ್ರಶ್ನೆಯೂ ಅಲ್ಲ. 1956ರ ನವೆಂಬರ್ 1ರಂದು ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಿಂದ ಬಿಟ್ಟು ಮೈಸೂರು ರಾಜ್ಯವನ್ನು ಸೇರಿದಾಗ, ಉದ್ಯೋಗ ವ್ಯಾಪಾರಗಳನ್ನು ನೆಚ್ಚಿಕೊಂಡಿದ್ದ ಕನ್ನಡ ಮನೆತನಗಳು ಈ ನಗರದಲ್ಲಿಯೇ ಉಳಿದವು. 1967ರಲ್ಲಿ ಇಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಸ್ಥಾಪನೆಯಾಗಿ, ಮುಂದೆ ಟಿ.ಡಿ.ಸಿ. ಎಂಬ ಕಂಪ್ಯೂಟರುಗಳು ತಯಾರಾದವು. 1998ರಲ್ಲಿ ಮಾಧಾಪುರದ ಸೈಬರ್ ಟವರ್ಸ್ ತೆರೆದ ಮೇಲೆ ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳಿಂದ ಇನ್ನೊಂದು ತಲೆಮಾರು ಬಂದಿತು. ಇಂದು ಅಮೀರ್‌ಪೇಟೆಯ ಮೈತ್ರಿವನಂ ಬಳಿ ನಿಂತು ತಲೆ ಎತ್ತಿದರೆ ಆಕಾಶಕ್ಕಿಂತ ಹೆಚ್ಚಾಗಿ ಫಲಕಗಳೇ ಕಾಣುತ್ತವೆ: ಜಾವಾ ಕಲಿಯಿರಿ, ಪೈಥಾನ್ ಕಲಿಯಿರಿ, ಒರಾಕಲ್ ಕಲಿಯಿರಿ. ರಾಯಚೂರು, ಬೀದರಗಳಿಂದ ಬಂದು ಅಲ್ಲಿನ ಹಾಸ್ಟೆಲುಗಳಲ್ಲಿ ಇರುವ ಹುಡುಗರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಬಹುಕಾಲದಿಂದ ಕೇಳುತ್ತಾ ಬಂದಿದ್ದೇನೆ. ಭಾಷೆ ಬೇರೆಯಾದರೂ ಪ್ರಶ್ನೆಗಳು ಮಾತ್ರ ಅವೇ ಆರೇಳು.

ಮೊದಲು, ಇಷ್ಟು ಭಾಷೆಗಳು ಏತಕ್ಕೆ? ಯಂತ್ರಕ್ಕೆ ಅರ್ಥವಾಗುವುದು ಕೊನೆಗೆ ಸೊನ್ನೆ ಮತ್ತು ಒಂದು, ಎರಡೇ. ಮನುಷ್ಯನು ಅದರಲ್ಲಿ ಬರೆಯಲಾರ. ಆದ್ದರಿಂದ ನಡುವೆ ಒಂದು ಭಾಷೆ ಬೇಕು. ವಿಜ್ಞಾನದ ಲೆಕ್ಕಗಳಿಗೆಂದು 1957ರಲ್ಲಿ ಫೋರ್ಟ್ರಾನ್ ಬಂದಿತು. ಕಚೇರಿಯ ಜಮಾಖರ್ಚಿಗೆ ಕೋಬಾಲ್ ಬಂದಿತು. ಯಂತ್ರದ ಒಳಗನ್ನು ಹತ್ತಿರದಿಂದ ಆಳಲು 1972ರ ಸುಮಾರಿಗೆ ಸಿ ಬಂದಿತು. ಓದಲು ಸುಲಭವಾಗಲೆಂದು 1991ರಲ್ಲಿ ಪೈಥಾನ್ ಬಂದಿತು. 1995ರಲ್ಲಿ ಜಾವಾ ಮತ್ತು ಜಾವಾಸ್ಕ್ರಿಪ್ಟ್ ಎರಡೂ ಬಂದವು. ಹೆಸರು ಒಂದೇ ತರಹ ಇದ್ದರೂ ಇವೆರಡೂ ಒಂದೇ ಮನೆತನದವಲ್ಲ. ಒಂದೊಂದು ಭಾಷೆಯೂ ಒಂದೊಂದು ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು ತನ್ನ ತನ್ನ ಕಟ್ಟಳೆ ಮಾಡಿಕೊಂಡಿತು.

ಕಟ್ಟಳೆ ಬೇರೆಯಾದರೆ ಏನಾಗುತ್ತದೆ ಎಂಬುದನ್ನು ಹೈದರಾಬಾದಿನ ಕನ್ನಡಿಗರಿಗೆ ನಾನು ಹೇಳಬೇಕಾಗಿಲ್ಲ. ನಮ್ಮ ಮಗು 'ಅವ್ವ' ಎಂದರೆ ತಾಯಿ. ಪಕ್ಕದ ಮನೆಯ ತೆಲುಗು ಮಗು 'ಅವ್ವ' ಎಂದರೆ ಅಜ್ಜಿ. ಪದ ಅದೇ, ಉಚ್ಚಾರವೂ ಅದೇ. ಬಾಗಿಲಿಗೆ ಬರುವವರು ಮಾತ್ರ ಬೇರೆ. ಇನ್ನೊಂದು ಉದಾಹರಣೆ: ನಾವು 'ನಾವು' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ತೆಲುಗಿನವರು, ಎದುರಿಗಿರುವವನನ್ನೂ ಸೇರಿಸಿಕೊಂಡರೆ 'ಮನಂ', ಬಿಟ್ಟರೆ 'ಮೇಮು' ಎನ್ನುತ್ತಾರೆ. ಆದ್ದರಿಂದ ಕನ್ನಡದ 'ನಾವು' ಎಂಬುದನ್ನು ತೆಲುಗಿಗೆ ತಿರುಗಿಸುವವನು "ನಾವು ಎಂದರೆ ಯಾರು ಯಾರು?" ಎಂದು ಕೇಳಲೇಬೇಕು. ಪ್ರೋಗ್ರಾಮು ಬರೆಯುವವನ ಕೆಲಸವೂ ಬಹುಮಟ್ಟಿಗೆ ಇದೇ.

ಈಗ ಆ ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ.

ಒಂದನೆಯದು: ಎಣಿಕೆ ಸೊನ್ನೆಯಿಂದಲೋ ಒಂದರಿಂದಲೋ? ಹತ್ತು ಹೆಸರುಗಳ ಪಟ್ಟಿಯಿದೆ ಎನ್ನಿ. ಸಿ, ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್‌ಗಳಲ್ಲಿ ಮೊದಲ ಹೆಸರಿನ ಸಂಖ್ಯೆ 0, ಕೊನೆಯದು 9. ಫೋರ್ಟ್ರಾನ್ ಮತ್ತು ಆರ್ ಭಾಷೆಗಳಲ್ಲಿ ವಾಡಿಕೆಯಂತೆ ಮೊದಲನೆಯದು 1, ಕೊನೆಯದು 10. ಹುಡುಗರು ಇದನ್ನು ಹುಚ್ಚಾಟವೆಂದುಕೊಳ್ಳುತ್ತಾರೆ. ಆದರೆ ಬಹುಮಹಡಿಯ ಮನೆಗಳಲ್ಲಿ ನಾವೇ ಹೀಗೆ ಎಣಿಸುತ್ತೇವೆ. ಬೀದಿಗೆ ಸಮನಾದ ನೆಲವನ್ನು ಲಿಫ್ಟಿನಲ್ಲಿ 0 ಎನ್ನುತ್ತೇವೆ. ಮೆಟ್ಟಿಲು ಹತ್ತಿದ ಮೇಲೆ ಸಿಕ್ಕುವುದು ಮೊದಲ ಮಹಡಿ. ಅದು "ಎಷ್ಟನೆಯದು?" ಎಂಬುದಕ್ಕೆ ಉತ್ತರವಲ್ಲ, "ಬಾಗಿಲಿನಿಂದ ಎಷ್ಟು ದೂರ?" ಎಂಬುದಕ್ಕೆ ಉತ್ತರ. ಸಿ ಭಾಷೆ ದೂರವನ್ನು ಎಣಿಸುತ್ತದೆ, ಫೋರ್ಟ್ರಾನ್ ಸರದಿಯನ್ನು ಎಣಿಸುತ್ತದೆ. ಸೊನ್ನೆಯಿಂದ ಎಣಿಸುವುದೇ ಮೇಲೆಂದು ಡೈಕ್‌ಸ್ಟ್ರಾ ಎಂಬ ಡಚ್ ವಿದ್ವಾಂಸರು 1982ರಲ್ಲಿ ಒಂದು ಪುಟ್ಟ ಟಿಪ್ಪಣಿಯನ್ನೇ ಬರೆದರು. ಆದರೂ ಎರಡು ಪದ್ಧತಿಗಳೂ ಇಂದಿಗೂ ನಡೆದುಬಂದಿವೆ.

ಎರಡನೆಯದು: = ಎಂಬ ಗುರುತಿನ ಅರ್ಥವೇನು? ಈ ಗುರುತನ್ನು 1557ರಲ್ಲಿ ರಾಬರ್ಟ್ ರೆಕಾರ್ಡ್ ಎಂಬವರು ಬಳಕೆಗೆ ತಂದಾಗ ಅದರ ಅರ್ಥ 'ಸಮ' ಎಂದಷ್ಟೇ ಇತ್ತು. ಸಿ, ಜಾವಾ, ಪೈಥಾನ್‌ಗಳಲ್ಲಿ ಅದು 'ಇಡು' ಎಂಬ ಅಪ್ಪಣೆ: ಬಲಗಡೆಯದನ್ನು ಎಡಗಡೆಯ ಡಬ್ಬಿಯಲ್ಲಿ ಇಡು. ಸಮವೇ ಎಂದು ಕೇಳಬೇಕಾದರೆ == ಎಂದು ಎರಡು ಸಲ ಬರೆಯಬೇಕು. ಪಾಸ್ಕಲ್ ಭಾಷೆಯಲ್ಲಿ 'ಇಡು' ಎನ್ನಲು := ಎಂದು ಬರೆದು, = ಗುರುತನ್ನು ಪ್ರಶ್ನೆಗೇ ಬಿಟ್ಟಿದ್ದಾರೆ. ಹುಡುಗನೊಬ್ಬ ಸಿ ಭಾಷೆಯಲ್ಲಿ "ಅಂಕ ಐದಾಗಿದ್ದರೆ" ಎಂದು ಕೇಳಲು ಹೋಗಿ ಒಂದೇ = ಬರೆದರೆ, ಯಂತ್ರವು ಅಂಕವನ್ನು ಐದು ಮಾಡಿ, ಹೌದು ಎಂದು ತಲೆಯಾಡಿಸಿ ಮುಂದೆ ಹೋಗುತ್ತದೆ. ಪೈಥಾನ್‌ನಲ್ಲಿ ಅದೇ ತಪ್ಪು ಮಾಡಿದರೆ ಪ್ರೋಗ್ರಾಮು ಹೊರಡುವುದೇ ಇಲ್ಲ. ತಪ್ಪು ಮಾಡಿದೊಡನೆ ಗದರಿಸುವ ಮೇಷ್ಟ್ರು, ಸುಮ್ಮನೆ ಇದ್ದು ಪರೀಕ್ಷೆಯಲ್ಲಿ ಫೇಲು ಮಾಡುವ ಮೇಷ್ಟ್ರು, ಇಬ್ಬರನ್ನೂ ನಾವು ಕಂಡಿದ್ದೇವಲ್ಲವೆ?

ಮೂರನೆಯದು ಆ ತಾಯಿಯ ಪ್ರಶ್ನೆ. ಏಳು ರೊಟ್ಟಿಗಳನ್ನು ಇಬ್ಬರು ಮಕ್ಕಳಿಗೆ ಹಂಚಿರೆಂದರೆ ತಲಾ ಮೂರೂವರೆ. ಏಳು ಕುರ್ಚಿಗಳನ್ನು ಎರಡು ಕೋಣೆಗೆ ಸಮನಾಗಿ ಹಾಕಿರೆಂದರೆ ತಲಾ ಮೂರು. ಒಂದು ಹೊರಗೆ ಉಳಿಯುತ್ತದೆ. ಕುರ್ಚಿಯನ್ನು ಸೀಳುವವರಿಲ್ಲ. ಜಾವಾ ಮತ್ತು ಸಿ ಭಾಷೆಗಳು, ಪೂರ್ಣಸಂಖ್ಯೆಗಳನ್ನು ಕೊಟ್ಟರೆ ಕುರ್ಚಿಯ ಲೆಕ್ಕ ಹಿಡಿಯುತ್ತವೆ. ಇಂದಿನ ಪೈಥಾನ್ ಮತ್ತು ಜಾವಾಸ್ಕ್ರಿಪ್ಟ್ ರೊಟ್ಟಿಯ ಲೆಕ್ಕ ಹಿಡಿಯುತ್ತವೆ. ಪೈಥಾನ್ ಕೂಡ ಹಿಂದೆ ಕುರ್ಚಿಯ ಪಕ್ಷವೇ ಆಗಿತ್ತು. 2008ರಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಮನಸ್ಸು ಬದಲಾಯಿಸಿ, ಕುರ್ಚಿಯ ಲೆಕ್ಕಕ್ಕೆ // ಎಂಬ ಬೇರೆ ಗುರುತನ್ನು ಉಳಿಸಿಕೊಂಡಿತು. ಹಳೆಯ ಪುಸ್ತಕವನ್ನು ಕೋಠಿಯ ಅಂಗಡಿಯಲ್ಲಿ ಅಗ್ಗಕ್ಕೆ ತಂದ ಹುಡುಗನಿಗೆ ಆಗುವ ಗೊಂದಲಕ್ಕೆ ಇದೇ ಕಾರಣ. ಆದ್ದರಿಂದ, ತಾಯಿ, ನಿಮ್ಮ ಮಗನ ಎರಡು ಉತ್ತರಗಳೂ ಸರಿ; ಅವು ಎರಡು ಬೇರೆ ಪ್ರಶ್ನೆಗಳಿಗೆ ಬಂದ ಉತ್ತರಗಳು. ನನಗೆ ಬೇಕಾದದ್ದು ರೊಟ್ಟಿಯ ಲೆಕ್ಕವೋ ಕುರ್ಚಿಯ ಲೆಕ್ಕವೋ ಎಂದು ಅವನು ಮೊದಲು ತನ್ನನ್ನು ಕೇಳಿಕೊಳ್ಳಬೇಕು.

ನಾಲ್ಕನೆಯದು: ಒಂದು ದಶಾಂಶಕ್ಕೆ ಎರಡು ದಶಾಂಶ ಕೂಡಿದರೆ, ಎಂದರೆ 0.1 ಮತ್ತು 0.2 ಸೇರಿದರೆ, ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಮೂರೂ 0.30000000000000004 ಎನ್ನುತ್ತವೆ. ಕೊನೆಯ ಆ ನಾಲ್ಕು ಎಲ್ಲಿಂದ ಬಂತು? ಕಾಗದದ ಮೇಲೆ ಮೂರನೆಯ ಒಂದು ಭಾಗವನ್ನು ದಶಾಂಶದಲ್ಲಿ ಬರೆಯಿರಿ: 0.3333 ಎಂದು ಮುಗಿಯದೆ ಹೋಗುತ್ತದೆ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಯಂತ್ರ ಬರೆಯುವುದು ಎರಡರ ಮಗ್ಗಿಯಲ್ಲಿ. ಅಲ್ಲಿ ಹತ್ತನೆಯ ಒಂದು ಭಾಗವೂ ಹೀಗೆಯೇ ಮುಗಿಯುವುದಿಲ್ಲ. 1985ರಲ್ಲಿ ಗೊತ್ತುಮಾಡಿದ ಅಂತರರಾಷ್ಟ್ರೀಯ ಕಟ್ಟಳೆಯಂತೆ ನಿಗದಿಯಾದ ಜಾಗದಲ್ಲಿ ಕತ್ತರಿಸುತ್ತಾರೆ. ಆ ಕತ್ತರಿಸಿದ ಚೂರು ಹೀಗೆ ಹಣಿಕಿಕ್ಕುತ್ತದೆ. ಹಣದ ಲೆಕ್ಕ ಬರೆಯುವವರು ಇದಕ್ಕೆ ಕಂಡುಕೊಂಡ ಒಂದು ಸುಲಭ ಉಪಾಯವೆಂದರೆ, ರೂಪಾಯಿಯನ್ನು ದಶಾಂಶದಲ್ಲಿ ಇಡದೆ ಎಲ್ಲವನ್ನೂ ಪೈಸೆ ಮಾಡಿ ಪೂರ್ಣಸಂಖ್ಯೆಯಲ್ಲಿ ಇಡುವುದು. ನಮ್ಮ ಅಜ್ಜಂದಿರು ಬಡ್ಡಿಯ ಲೆಕ್ಕವನ್ನು ಆಣೆ ಪೈಗೆ ಇಳಿಸಿ ಮಾಡುತ್ತಿದ್ದದ್ದೂ ಇದೇ ಜಾಣತನ.

ಐದನೆಯದು: ಬರಹದ '5' ಮತ್ತು ಲೆಕ್ಕದ 3, ಇವನ್ನು ಕೂಡಿದರೆ ಎಷ್ಟು? ಜಾವಾ ಮತ್ತು ಜಾವಾಸ್ಕ್ರಿಪ್ಟ್ ಎರಡನ್ನೂ ಅಕ್ಷರಗಳೆಂದು ತಿಳಿದು ಪಕ್ಕಪಕ್ಕದಲ್ಲಿಟ್ಟು '53' ಎನ್ನುತ್ತವೆ. ಪಿ.ಎಚ್.ಪಿ. ಎರಡನ್ನೂ ಸಂಖ್ಯೆಗಳೆಂದು ತಿಳಿದು 8 ಎನ್ನುತ್ತದೆ. ಪೈಥಾನ್ ಮಾತ್ರ "ಇವೆರಡೂ ಬೇರೆ ಜಾತಿಯ ವಸ್ತುಗಳು, ಏನು ಮಾಡಲೆಂದು ಹೇಳಿ" ಎಂದು ಕೆಲಸ ನಿಲ್ಲಿಸುತ್ತದೆ. ಮನೆಯ ನಂಬರು ಐದು, ಮಕ್ಕಳು ಮೂವರು, ಎರಡೂ ಅಂಕಿಗಳೇ. ಆದರೆ ಅವನ್ನು ಕೂಡುವವರುಂಟೆ?

ಆರನೆಯದು: ಪಟ್ಟಿಯ ನಕಲು ಮಾಡಿಕೊಂಡು ನಕಲನ್ನು ತಿದ್ದಿದೆ, ಮೂಲವೂ ಬದಲಾಯಿತು, ಏಕೆ? ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್‌ಗಳಲ್ಲಿ ಪಟ್ಟಿಗೆ ಎರಡನೆಯ ಹೆಸರು ಕೊಡುವುದೆಂದರೆ ಮನೆಗೆ ಎರಡನೆಯ ಬೀಗದಕೈ ಮಾಡಿಸಿದ ಹಾಗೆ. ಕೈ ಎರಡಾದರೂ ಮನೆ ಒಂದೇ. ಒಬ್ಬರು ಒಳಗೆ ಹೋಗಿ ಮಂಚವನ್ನು ಸರಿಸಿದರೆ ಇನ್ನೊಬ್ಬರಿಗೂ ಅದು ಸರಿದಿರುತ್ತದೆ. ಆರ್ ಮತ್ತು ಸ್ವಿಫ್ಟ್ ಭಾಷೆಗಳಲ್ಲಿ ಹಾಗಲ್ಲ. ಅಲ್ಲಿ ನಕಲನ್ನು ತಿದ್ದಿದರೆ ಮೂಲ ಹಾಗೆಯೇ ಇರುತ್ತದೆ. ಬೇರೆ ಮನೆಯೇ ಬೇಕಿದ್ದರೆ ಪೈಥಾನ್‌ನಲ್ಲಿ "ನಕಲು ಮಾಡು" ಎಂದು ಬಾಯಿಬಿಟ್ಟು ಹೇಳಬೇಕು.

ಏಳನೆಯ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಅದನ್ನು ಕೇಳದೆ ನಾನೇ ಒಮ್ಮೆ ಅವಮಾನಪಟ್ಟಿದ್ದೇನೆ.

ಪ್ರಶ್ನೆ ಇಷ್ಟೇ: ಒಂದು ಪದದ ಉದ್ದ ಎಷ್ಟು? 'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳಿ. ನಮ್ಮ ಮಕ್ಕಳು ಕ, ನ್ನ, ಡ ಎಂದು ಬೆರಳು ಮಡಿಸಿ ಮೂರು ಎನ್ನುತ್ತಾರೆ. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಐದು ಎನ್ನುತ್ತವೆ. ಸ್ವಿಫ್ಟ್ ನಾಲ್ಕು ಎನ್ನುತ್ತದೆ. ಸಿ ಮತ್ತು ಗೋ ಭಾಷೆಗಳು ಹದಿನೈದು ಎನ್ನುತ್ತವೆ!

ಯಾರೂ ಸುಳ್ಳು ಹೇಳುತ್ತಿಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಪದ್ಧತಿಯಲ್ಲಿ 'ನ್ನ' ಎಂಬುದಕ್ಕೆ ಒಂದು ಸಂಖ್ಯೆಯಿಲ್ಲ. ಅದು ನ, ಅದರ ಅಕಾರವನ್ನು ತೆಗೆಯುವ ಅರ್ಧಾಕ್ಷರದ ಗುರುತು, ಮತ್ತೆ ನ, ಹೀಗೆ ಮೂರು. ಹಿಂದಿನ ಕ, ಮುಂದಿನ ಡ ಸೇರಿ ಐದು. ಸ್ವಿಫ್ಟ್ ಆ ಗುರುತನ್ನು ಅದರ ಹಿಂದಿನ ನಕಾರದ ಜೊತೆಗೆ ಸೇರಿಸಿ ಎಣಿಸುವುದರಿಂದ ನಾಲ್ಕು. ಸಂಗ್ರಹದಲ್ಲಿ ಈ ಐದರಲ್ಲಿ ಒಂದೊಂದೂ ಮೂರು ಬೈಟುಗಳ ಜಾಗ ಹಿಡಿಯುವುದರಿಂದ ಹದಿನೈದು. ಬಟ್ಟೆಯ ಉದ್ದ ಗಜದಲ್ಲಿ ಒಂದು, ಮೊಳದಲ್ಲಿ ಇನ್ನೊಂದು, ಗೇಣಿನಲ್ಲಿ ಮತ್ತೊಂದು. ಅಳತೆ ಯಾವುದೆಂದು ಕೇಳದೆ ಬಟ್ಟೆ ಹರಿಸಿದವನ ಅಂಗಿ ಗಿಡ್ಡವಾಗುತ್ತದೆ.

ನಾನು ಹೀಗೆಯೇ ಹರಿಸಿದೆ. ಕೆಲವು ವರ್ಷಗಳ ಹಿಂದೆ ಮಕ್ಕಳ ಸ್ಪರ್ಧೆಯೊಂದರ ಬಹುಮಾನ ಪತ್ರಗಳನ್ನು ಮುದ್ರಿಸುವ ಪ್ರೋಗ್ರಾಮನ್ನು ಹುರುಪಿನಿಂದ ಬರೆದುಕೊಟ್ಟಿದ್ದೆ. ಹೆಸರಿಗೆ ಇಪ್ಪತ್ತರ ಜಾಗ ಇಟ್ಟೆ. ಪಟ್ಟಿಯಲ್ಲಿ ಎಲ್ಲಕ್ಕಿಂತ ಉದ್ದದ ಹೆಸರು 'ಮಲ್ಲಿಕಾರ್ಜುನ'. ಪೈಥಾನನ್ನು ಕೇಳಿದೆ; ಹನ್ನೆರಡು ಎಂದಿತು. ಇಂಗ್ಲಿಷಿನಲ್ಲಿ ಬರೆದರೂ ಹನ್ನೆರಡೇ ಅಕ್ಷರ. ಇಪ್ಪತ್ತು ಧಾರಾಳವಾಯಿತೆಂದು ಇಂಗ್ಲಿಷ್ ಹೆಸರುಗಳನ್ನಷ್ಟೇ ಹಾಕಿ ಪರೀಕ್ಷಿಸಿ ಮಲಗಿದೆ. ಆದರೆ ಹೆಸರುಗಳನ್ನು ಕಾಪಿಡುವ ಭಾಗ ಬೈಟುಗಳ ಲೆಕ್ಕದಲ್ಲಿತ್ತು. ಅಲ್ಲಿ ಕನ್ನಡದ ಮಲ್ಲಿಕಾರ್ಜುನನಿಗೆ ಮೂವತ್ತಾರು ಬೇಕು! ಇಪ್ಪತ್ತಕ್ಕೆ ಕತ್ತರಿ ಬಿದ್ದಿತು. ಪತ್ರದಲ್ಲಿ 'ಮಲ್ಲಿಕ' ಎಂದು ಅಚ್ಚಾಗಿ, ಮುಂದೆ ಕರಿಯ ಚೌಕುಳಿಯೊಳಗೆ ಒಂದು ಪ್ರಶ್ನೆಚಿಹ್ನೆ ಬಂದಿತ್ತು.

ಹುಡುಗ ವೇದಿಕೆಯ ಮೇಲೆ ಅದನ್ನು ಓದಿಕೊಂಡು ಸುಮ್ಮನೆ ಇಳಿದ. ಅವನ ತಂದೆ ನನ್ನ ಹತ್ತಿರ ಬಂದು, ಸ್ವಲ್ಪವೂ ಸಿಟ್ಟಿಲ್ಲದೆ, "ನಮ್ಮಪ್ಪನ ಹೆಸರು ಇಟ್ಟಿದ್ದೆವು ಸ್ವಾಮಿ. ಪರ ಊರಿಗೆ ಬಂದ ಮೇಲೆ ಉಳಿದದ್ದು ಅದೊಂದೇ" ಎಂದರು. ಅವರು ಬೈದಿದ್ದರೆ ನಾನು ಮರೆಯುತ್ತಿದ್ದೆನೋ ಏನೋ. ಅಂದು ರಾತ್ರಿ ಪ್ರೋಗ್ರಾಮು ತಿದ್ದಿ, ಮರುದಿನ ಬೇರೆ ಪತ್ರ ಮುದ್ರಿಸಿ ಅವರ ಮನೆಗೆ ಹೋಗಿ ಕೊಟ್ಟುಬಂದೆ. ತಿದ್ದಲು ಹಿಡಿದದ್ದು ಹತ್ತು ನಿಮಿಷ. ಆ ಹತ್ತು ನಿಮಿಷದ ಪ್ರಶ್ನೆಯನ್ನು ಮುಂಚೆಯೇ ಕೇಳಿಕೊಳ್ಳಬೇಕಾಗಿತ್ತು.

ಇನ್ನೊಂದು ತಮಾಷೆಯನ್ನೂ ಹೇಳಿಬಿಡುತ್ತೇನೆ. ಪದವನ್ನು ಹಿಂದುಮುಂದು ಮಾಡುವುದು ಹುಡುಗರಿಗೆ ಎಲ್ಲ ಭಾಷೆಗಳಲ್ಲಿಯೂ ಕೊಡುವ ಅಭ್ಯಾಸ. 'ಕರ್ನಾಟಕ' ಎಂಬುದನ್ನು ಪೈಥಾನ್ ತಿರುಗಿಸಿದರೆ 'ಕಟಾನ್ರಕ' ಎಂದಾಗುತ್ತದೆ. ನಕಾರದ ದೀರ್ಘ ಟಕಾರಕ್ಕೆ ಹತ್ತಿಕೊಂಡಿತು. ರಕಾರ ನಕಾರಗಳು ಒತ್ತು ಬದಲಾಯಿಸಿಕೊಂಡವು. ಕಾಗುಣಿತ ಬಲ್ಲ ಮೂರನೆಯ ತರಗತಿಯ ಮಗು 'ಕಟರ್ನಾಕ' ಎಂದು ಸರಿಯಾಗಿ ಹೇಳುತ್ತದೆ. ಕಾಗುಣಿತ ಕಲಿತ ಪ್ರೋಗ್ರಾಮರನಿಗೆ ಮಾತ್ರ ಯಂತ್ರದ ಈ ತಪ್ಪು ಕಣ್ಣಿಗೆ ಬೀಳುತ್ತದೆ.

ಇಲ್ಲಿಗೆ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬಂದೆ. ನಮ್ಮ ಮನೆಗಳಲ್ಲಿ ಒಂದು ಭಯವಿದೆ. ಮಗು ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ತೆಲುಗು, ಪೇಟೆಯಲ್ಲಿ ದಖನಿ ಆಡಿ ಬರುತ್ತದೆ. ಅದರ ಮೇಲೆ ಪೈಥಾನ್, ಜಾವಾಗಳ ಹೊರೆ. ಇನ್ನು ಕನ್ನಡವನ್ನಾದರೂ ಇಳಿಸಿದರೆ ಹಗುರವಾದೀತೆಂದು ತಂದೆತಾಯಿಗಳು ಯೋಚಿಸುತ್ತಾರೆ. ನನಗೆ ತೋರುವುದು ಬೇರೆ. 'ಅವ್ವ' ಎಂದರೆ ಯಾರ ಮನೆಯಲ್ಲಿ ಯಾರು ಎಂದು ತಿಳಿದ ಮಗು, ಗುರುತು ಒಂದೇ ಆದರೂ ಅರ್ಥ ಬೇರೆಯಾಗಬಹುದೆಂಬ ಪಾಠವನ್ನು ಐದನೆಯ ವರ್ಷದಲ್ಲಿಯೇ ಕಲಿತುಬಿಟ್ಟಿದೆ. ಒಂದೇ ಭಾಷೆಯಲ್ಲಿ ಬೆಳೆದವನು ಅದನ್ನು ಅಮೀರ್‌ಪೇಟೆಯಲ್ಲಿ ಹಣ ಕೊಟ್ಟು ಕಲಿಯಬೇಕು.

"ನಮಗೆ ಪ್ರೋಗ್ರಾಮು ಗೊತ್ತಿಲ್ಲವಲ್ಲ, ಮಗುವಿಗೆ ಏನು ಸಹಾಯ ಮಾಡುವುದು?" ಎಂದು ಕೇಳುವಿರಿ. ಮೂರು ಪ್ರಶ್ನೆ ಸಾಕು. ಮಗು ಕಂಪ್ಯೂಟರಿನ ಮುಂದೆ ತಲೆ ಚಚ್ಚಿಕೊಳ್ಳುತ್ತಿರುವಾಗ ಪಕ್ಕದಲ್ಲಿ ಕುಳಿತು ಕೇಳಿರಿ: "ನಿನಗೆ ಏನು ಬೇಕಾಗಿತ್ತು? ಅದು ಏನು ಕೊಟ್ಟಿತು? ಎಲ್ಲಕ್ಕಿಂತ ಚಿಕ್ಕ ಯಾವ ಉದಾಹರಣೆಯಲ್ಲಿ ಹೀಗಾಗುತ್ತದೆ?" ಉತ್ತರವನ್ನು ಅಡುಗೆಮನೆಗೆ ಅರ್ಥವಾಗುವ ಕನ್ನಡದಲ್ಲಿ ಹೇಳಿಸಿರಿ. ಹಾಗೆ ಹೇಳುತ್ತಿರುವಾಗಲೇ ಎಷ್ಟೋ ಸಲ ಮಗು "ಓ, ಗೊತ್ತಾಯಿತು!" ಎಂದು ನಡುವೆಯೇ ಎದ್ದು ಓಡುತ್ತದೆ. ಈಗಂತೂ ಪ್ರಶ್ನೆ ಕೇಳಿದರೆ ಪ್ರೋಗ್ರಾಮನ್ನೇ ಬರೆದುಕೊಡುವ ಯಂತ್ರಗಳೂ ಬಂದಿವೆ. ಆದರೆ ರೊಟ್ಟಿಯ ಲೆಕ್ಕವೋ ಕುರ್ಚಿಯ ಲೆಕ್ಕವೋ ಎಂಬುದನ್ನು ನಾವು ಹೇಳಬೇಕು. ಪ್ರಶ್ನೆ ಸಡಿಲವಾದರೆ ಉತ್ತರ ಎಷ್ಟು ಬೇಗ ಬಂದರೂ ಏನು ಪ್ರಯೋಜನ?

ಇಂಥ ಶಾಸ್ತ್ರವಿಷಯ ದೇಶಭಾಷೆಯಲ್ಲಿ ಸಾಧ್ಯವೇ ಎಂದು ಅನುಮಾನಪಡುವವರು ಈ ನಗರದ ಚರಿತ್ರೆಯನ್ನು ನೋಡಬೇಕು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯ, ಎಂಜಿನಿಯರಿಂಗ್ ವಿಷಯಗಳನ್ನೂ ಉರ್ದುವಿನಲ್ಲಿ ಕಲಿಸಿದರು. ಅದಕ್ಕೆ ಬೇಕಾದ ಪುಸ್ತಕಗಳನ್ನು ಒದಗಿಸಲು ಅನುವಾದದ ಇಲಾಖೆಯನ್ನೇ ತೆರೆದಿದ್ದರು. ನಾನು ಅಷ್ಟು ದೊಡ್ಡದನ್ನು ಕೇಳುತ್ತಿಲ್ಲ. ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಅರ್ಧ ಗಂಟೆ ಕೊಡಿ. ಮಕ್ಕಳು ಆ ವಾರ ಯಂತ್ರದೊಡನೆ ಮಾಡಿದ ಜಗಳವನ್ನು ಕನ್ನಡದಲ್ಲಿ ಹೇಳಲಿ. ಕೇಳಲು ನಾನು ಬರುತ್ತೇನೆ. ಉತ್ತರ ತಿಳಿಯದಿದ್ದರೆ ಅವರೊಡನೆ ಕುಳಿತು ಹುಡುಕುತ್ತೇನೆ.

ಕೊನೆಯದಾಗಿ ಒಂದು ಅರಿಕೆ. ಈ ಸಲದ ಬಹುಮಾನ ಪತ್ರಗಳನ್ನು ಮುದ್ರಿಸಿರುವುದೂ ನನ್ನ ಪ್ರೋಗ್ರಾಮೇ. ಇನ್ನು ಸ್ವಲ್ಪ ಹೊತ್ತಿನಲ್ಲಿ ಅಧ್ಯಕ್ಷರು ಅವನ್ನು ಹಂಚಲಿದ್ದಾರೆ. ಮಕ್ಕಳು ಪತ್ರ ಕೈಗೆ ಬಂದೊಡನೆ ತಮ್ಮ ಹೆಸರನ್ನು ಕೊನೆಯ ಅಕ್ಷರದವರೆಗೆ ಗಟ್ಟಿಯಾಗಿ ಓದಿ ನೋಡಬೇಕು. ಒಂದು ಒತ್ತಕ್ಷರ ತಪ್ಪಿದ್ದರೂ ವೇದಿಕೆಯಿಂದ ಇಳಿಯುವ ಮೊದಲೇ ನನ್ನನ್ನು ಕೂಗಿ ಹೇಳಬೇಕು.